ಹೀಲ್ಸ್, ಅಟ್ಟೆ ಚಪ್ಪಲಿ, ಶೂ, ಬರಿಗಾಲು: ಮೂತ್ರದ ಹಿಡಿತ ತಪ್ಪುವವರಿಗೆ ಯಾವುದು ಅನುಕೂಲ?

ಕೆಮ್ಮಿದಾಗ, ಗಟ್ಟಿಯಾಗಿ ನಕ್ಕಾಗ ಅಥವಾ ತುಂಬಿದ ಕೊಡ ಎತ್ತಿದಾಗ ಒಂದೆರಡು ಹನಿ ಮೂತ್ರ ಸೋರಿಹೋಗುವ ತೊಂದರೆ ಇರುವವರಿಗೆ ಪಾದರಕ್ಷೆಯ ವಿಷಯದಲ್ಲಿ ಎರಡು ತದ್ವಿರುದ್ಧ ಸಲಹೆಗಳು ಸಿಗುತ್ತವೆ. ಎತ್ತರದ ಹಿಮ್ಮಡಿಯ ಚಪ್ಪಲಿ ಆ ಭಾಗದ ಸ್ನಾಯುಗಳಿಗೆ ಒಳ್ಳೆಯದು ಎಂದು ಕೆಲವರು ಹೇಳಿದರೆ, ಅದೇ ಚಪ್ಪಲಿಯಿಂದ ಸೋರಿಕೆ ಹೆಚ್ಚುತ್ತದೆ, ಇಂದೇ ಬಿಟ್ಟುಬಿಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ಸಲಹೆಗಳ ಹಿಂದೆ ನಿಜವಾದ ಅಳತೆಗಳಿವೆ. ಆದರೆ ಎರಡೂ ಆ ಅಳತೆಗಳು ಹೇಳಿದ್ದಕ್ಕಿಂತ ಹೆಚ್ಚನ್ನು ಹೇಳುತ್ತವೆ. ಯಾವ ಚಪ್ಪಲಿ ಒಳ್ಳೆಯದು ಎಂದು ಕೇಳುವ ಮೊದಲು ನಿಮ್ಮ ತೊಂದರೆ ಯಾವ ಬಗೆಯದು ಎಂದು ತಿಳಿಯಬೇಕು, ಏಕೆಂದರೆ ಒಬ್ಬರಿಗೆ ಹಿತವಾದ ಹಿಮ್ಮಡಿಯೇ ಇನ್ನೊಬ್ಬರಿಗೆ ಅಡ್ಡಿಯಾಗಬಹುದು.

ಪಾದಕ್ಕೂ ಮೂತ್ರಕೋಶಕ್ಕೂ ಏನು ಸಂಬಂಧ?

ವೈದ್ಯರು ಪೆಲ್ವಿಕ್ ಫ್ಲೋರ್ ಎಂದು ಕರೆಯುವ ಸೊಂಟದ ತಳದ ಸ್ನಾಯುಗಳು, ಕಿಬ್ಬೊಟ್ಟೆಯ ಕೆಳತುದಿಯ ಎಲುಬಿನಿಂದ ಬೆನ್ನೆಲುಬಿನ ತುದಿಯ ಬಾಲದೆಲುಬಿನವರೆಗೆ ಜೋಲಿಯಂತೆ ಕಟ್ಟಿಕೊಂಡು, ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳವನ್ನು ಕೆಳಗಿನಿಂದ ಹೊತ್ತುಕೊಂಡಿರುತ್ತವೆ. ಮಲಗಿದಾಗ ಇವುಗಳ ಕೆಲಸ ಕಡಿಮೆ. ಎದ್ದು ನಿಂತ ಕ್ಷಣದಿಂದ ಹೊಟ್ಟೆಯೊಳಗಿನ ಭಾರವೆಲ್ಲ ಇವುಗಳ ಮೇಲೆ ಬೀಳುವುದರಿಂದ, ನಮ್ಮ ಅರಿವಿಗೆ ಬಾರದ ಹಾಗೆ ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತವೆ. ನಿಂತಾಗ ನೆಲವನ್ನು ಮುಟ್ಟುವುದು ಪಾದ ಮಾತ್ರ. ಪಾದವೂ ಕಾಲೂ ಕೂಡುವ ಹರಡಿನ ಕೋನ ಬದಲಾದರೆ ಮೀನಖಂಡ, ಮೊಣಕಾಲು, ಸೊಂಟ, ಬೆನ್ನಿನ ಬಾಗು ಎಲ್ಲವೂ ಒಂದರ ಹಿಂದೆ ಒಂದು ಹೊಂದಿಕೊಳ್ಳಬೇಕಾಗುತ್ತದೆ, ಮತ್ತು ಆ ಹೊಂದಾಣಿಕೆ ಸೊಂಟದ ತಳವನ್ನೂ ಮುಟ್ಟುತ್ತದೆ.

ನರಗಳ ಮಟ್ಟದಲ್ಲಿಯೂ ನಂಟಿದೆ. ಮೂತ್ರಕೋಶವನ್ನೂ ಸೊಂಟದ ತಳವನ್ನೂ ನಿಯಂತ್ರಿಸುವ ನರಗಳು ಬೆನ್ನೆಲುಬಿನ ಬುಡದ ತ್ರಿಕೋನಾಕಾರದ ಎಲುಬಾದ ತ್ರಿಕಾಸ್ಥಿಯ 2, 3 ಮತ್ತು 4ನೆಯ ನರಮೂಲಗಳಿಂದ ಹೊರಡುತ್ತವೆ. ಅಂಗಾಲಿಗೆ ಹೋಗುವ ಟಿಬಿಯಲ್ ನರದ ಎಳೆಗಳಲ್ಲಿ ಕೆಲವು ಇದೇ ಮೂಲಗಳಿಂದ ಬರುತ್ತವೆ. ಇದನ್ನೇ ಬಳಸಿಕೊಂಡು, ಮೂತ್ರಕ್ಕೆ ಪದೇ ಪದೇ ಅವಸರವಾಗುವವರಿಗೆ ಕಾಲಿನ ಒಳಗಡೆಯ ಹರಡಿನ ಎಲುಬಿನಿಂದ ಸುಮಾರು 5 ಸೆಂಟಿಮೀಟರ್ ಮೇಲೆ ಸಣ್ಣ ಸೂಜಿಯಿಟ್ಟು, ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಸೌಮ್ಯ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆ ಇಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಅಂಗಾಲು ಒತ್ತಿದರೆ ಮೂತ್ರಕೋಶ ಸರಿಹೋಗುತ್ತದೆ ಎಂದು ಮಾರುವ ಮಸಾಜ್ ಚಪ್ಪಲಿಗಳಿಗೆ ಇದು ಆಧಾರವಾಗುವುದಿಲ್ಲ. ಅಲ್ಲಿ ನಿಗದಿತ ಪ್ರಮಾಣದ ವಿದ್ಯುತ್ತು ನಿಗದಿತ ನರಕ್ಕೆ ಹೋಗುತ್ತದೆ, ಇಲ್ಲಿ ಪ್ಲಾಸ್ಟಿಕ್ ಮುಳ್ಳು ಚರ್ಮಕ್ಕೆ ಚುಚ್ಚುತ್ತದೆ.

ಎರಡು ಅಧ್ಯಯನ, ಎರಡು ವ್ಯಾಖ್ಯಾನ

ತೈವಾನಿನ ಸಂಶೋಧಕರು 2005ರಲ್ಲಿ, ಕೆಮ್ಮು ಮತ್ತು ಶ್ರಮದಿಂದ ಮೂತ್ರ ಸೋರುವ ಮಹಿಳೆಯರನ್ನು ಮೂರು ಬಗೆಯಲ್ಲಿ ನಿಲ್ಲಿಸಿ ಸೊಂಟದ ತಳದ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದರು: ಪಾದ ಸಮತಟ್ಟಾಗಿ, ಬೆರಳಿನ ಕಡೆ ಎತ್ತರವಾಗಿ, ಹಿಮ್ಮಡಿಯ ಕಡೆ ಎತ್ತರವಾಗಿ. ಹಿಮ್ಮಡಿ ಎತ್ತರವಿದ್ದಾಗ ಸ್ನಾಯುಗಳ ಚಟುವಟಿಕೆ ಕಡಿಮೆಯಿತ್ತು. ಪಾದ ಸಮತಟ್ಟಾಗಿದ್ದಾಗ ಅಥವಾ ಬೆರಳಿನ ಕಡೆ ಎತ್ತರವಿದ್ದಾಗ ಹೆಚ್ಚಿತ್ತು. ಮೂರು ವರ್ಷಗಳ ನಂತರ, 2008ರಲ್ಲಿ, ಇಟಲಿಯ ವೆರೋನಾ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞೆ ಮಾರಿಯಾ ಚೆರುಟೊ 50 ವರ್ಷದೊಳಗಿನ 66 ಮಹಿಳೆಯರ ಮೇಲೆ ನಡೆಸಿದ ಅಳತೆಯ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಪಾದವನ್ನು 15 ಡಿಗ್ರಿ ಕೋನದಲ್ಲಿ, ಅಂದರೆ ಸುಮಾರು ಎರಡಿಂಚಿನ ಹೀಲ್ಸ್ ಹಾಕಿದಂತೆ ಇಟ್ಟಾಗ ಸ್ನಾಯುಗಳ ವಿದ್ಯುತ್ ಚಟುವಟಿಕೆ ತಗ್ಗಿತು, ಆದ್ದರಿಂದ ಆ ಸ್ಥಿತಿಯಲ್ಲಿ ಅವು ಚೆನ್ನಾಗಿ ಸಂಕುಚಿಸಲು ಅನುಕೂಲವಾಗಬಹುದು ಎಂಬುದು ಅವರ ವಾದವಾಗಿತ್ತು. ಪತ್ರಿಕೆಗಳು ಅದನ್ನು ಹೀಲ್ಸ್ ಹಾಕಿದರೆ ದಾಂಪತ್ಯ ಸುಖ ಹೆಚ್ಚುತ್ತದೆ ಎಂಬ ಶೀರ್ಷಿಕೆಯವರೆಗೆ ಎಳೆದುಕೊಂಡು ಹೋದವು.

ಗಮನಿಸಿದರೆ, ಎರಡೂ ಕಡೆ ಕಂಡದ್ದು ಒಂದೇ: ಹಿಮ್ಮಡಿ ಏರಿದಾಗ ಸೊಂಟದ ತಳ ಸಡಿಲಗೊಳ್ಳುತ್ತದೆ. ಜಗಳವಿರುವುದು ಆ ಸಡಿಲಿಕೆ ಒಳ್ಳೆಯದೋ ಕೆಟ್ಟದೋ ಎಂಬುದರಲ್ಲಿ. ಈಗಾಗಲೇ ದುರ್ಬಲವಾಗಿರುವ ಸ್ನಾಯು ಇನ್ನಷ್ಟು ಸಡಿಲವಾದರೆ ಕೆಮ್ಮಿನ ಒತ್ತಡವನ್ನು ತಡೆಯುವುದು ಕಷ್ಟ. ಸದಾ ಬಿಗಿದುಕೊಂಡು ನೋಯುವ ಸ್ನಾಯು ಸ್ವಲ್ಪ ಸಡಿಲವಾದರೆ ಅದು ನೆಮ್ಮದಿ. ಎರಡೂ ಅಧ್ಯಯನಗಳು ಆ ಕ್ಷಣದ ಅಳತೆಗಳು ಎಂಬುದನ್ನೂ ಮರೆಯಬಾರದು. ವರ್ಷಗಟ್ಟಲೆ ಒಂದು ಬಗೆಯ ಚಪ್ಪಲಿ ಹಾಕಿದವರಲ್ಲಿ ಸೋರಿಕೆ ಎಷ್ಟು ಹೆಚ್ಚಿತು, ಎಷ್ಟು ತಗ್ಗಿತು ಎಂದು ಅವು ನೋಡಲಿಲ್ಲ. ಆದ್ದರಿಂದ ಪಾದರಕ್ಷೆಯ ಪರಿಣಾಮವನ್ನು ನಿಜ, ಆದರೆ ಸಣ್ಣದು ಎಂದು ಎಣಿಸಿಕೊಂಡು ಮುಂದುವರಿಯುವುದೇ ಸರಿಯೆಂದು ನನಗೆ ತೋರುತ್ತದೆ.

ಮೊದಲು ನಿಮ್ಮ ತೊಂದರೆಯ ಬಗೆ

ಕೆಮ್ಮು, ಸೀನು, ನಗು, ಜಿಗಿತ, ಭಾರ ಎತ್ತುವುದು ಇಂಥ ಶ್ರಮದ ಹೊತ್ತಿನಲ್ಲಿ ಮಾತ್ರ ಸೋರುತ್ತಿದ್ದರೆ ಅದು ಒತ್ತಡದ ಸೋರಿಕೆ. ಹೆರಿಗೆಯಾದವರಲ್ಲಿ ಮತ್ತು ಮುಟ್ಟು ನಿಂತವರಲ್ಲಿ ಇದು ಸಾಮಾನ್ಯ; ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇವರು ಹಗಲಿನ ಹೆಚ್ಚು ಹೊತ್ತು ಪಾದ ಸಮತಟ್ಟಾಗಿರುವ ಪಾದರಕ್ಷೆಯನ್ನೇ ಆರಿಸಿಕೊಳ್ಳುವುದು ಮೇಲು.

ಮೂತ್ರ ಬಂದಿದೆ ಎಂದು ಅನ್ನಿಸಿದ ತಕ್ಷಣ ತಡೆಯಲಾಗದೆ ಬಚ್ಚಲಿಗೆ ಓಡುವ, ದಾರಿಯಲ್ಲಿಯೇ ಸೋರುವ ತೊಂದರೆ ಬೇರೆಯದು; ಅದು ಅವಸರದ ಸೋರಿಕೆ. ಇಲ್ಲಿ ಹಿಮ್ಮಡಿಯ ಕೋನಕ್ಕಿಂತ ಮುಖ್ಯವಾದದ್ದು ಜಾರದೆ ಬೇಗ ನಡೆಯಲು ಆಗುತ್ತದೆಯೇ ಎಂಬುದು. ರಾತ್ರಿ ಎರಡು ಸಲ ಏಳುವ ಹಿರಿಯರು ಸವೆದ ಹವಾಯಿ ಚಪ್ಪಲಿಯಲ್ಲಿ ಒದ್ದೆ ಟೈಲ್ಸಿನ ಮೇಲೆ ಅವಸರದಿಂದ ಹೋಗುವುದರಲ್ಲಿರುವ ಅಪಾಯ ಸೋರಿಕೆಯ ಅಪಾಯಕ್ಕಿಂತ ಬಹಳ ದೊಡ್ಡದು. ಹಿಂದೆ ಪಟ್ಟಿಯಿದ್ದು ಹಿಮ್ಮಡಿಯನ್ನು ಹಿಡಿದುಕೊಳ್ಳುವ, ತಳದಲ್ಲಿ ರಬ್ಬರಿನ ಗೆರೆಗಳು ಇನ್ನೂ ಸವೆಯದ ಚಪ್ಪಲಿ ಹಾಸಿಗೆಯ ಪಕ್ಕದಲ್ಲಿಯೇ ಇರಲಿ. ಇವರಿಗೆ ಫಿಸಿಯೋಥೆರಪಿಸ್ಟರು ಹೇಳಿಕೊಡುವ ಒಂದು ಉಪಾಯವುಂಟು: ಅವಸರವಾದಾಗ ಓಡದೆ ನಿಂತು, ಕಾಲ್ಬೆರಳುಗಳನ್ನು ಒಳಕ್ಕೆ ಮಡಚುವುದು ಅಥವಾ ಬೆರಳ ತುದಿಯ ಮೇಲೆ ಕೆಲವು ಸಲ ಏರಿ ಇಳಿಯುವುದು. ಆ ಅವಸರದ ಅಲೆ ತಗ್ಗಿದ ಮೇಲೆ ನಿಧಾನವಾಗಿ ನಡೆಯಬೇಕು. ಹಿಮ್ಮಡಿ ಎತ್ತಿದರೆ ಸ್ನಾಯು ಸಡಿಲವಾಗುತ್ತದೆ ಎಂದು ಮೇಲೆ ಹೇಳಿ ಇಲ್ಲಿ ಬೆರಳ ಮೇಲೆ ನಿಲ್ಲಲು ಹೇಳುವುದು ವಿರೋಧಾಭಾಸವೆನಿಸಬಹುದು. ಆದರೆ ಇಲ್ಲಿ ಪಾದವು ಎತ್ತರದಲ್ಲಿ ಸುಮ್ಮನೆ ಒರಗಿಲ್ಲ, ಕಾಲಿನ ಸ್ನಾಯುಗಳು ಕೆಲಸ ಮಾಡುತ್ತಿವೆ, ಮತ್ತು ಉದ್ದೇಶವಿರುವುದು ಮೂತ್ರಕೋಶದ ಅವಸರವನ್ನು ಶಮನ ಮಾಡುವುದರಲ್ಲಿ. ಎರಡೂ ಬಗೆ ಒಟ್ಟಿಗೆ ಇರುವವರೂ ಅನೇಕರಿದ್ದಾರೆ. ಅವರು ಹೆಚ್ಚು ಕಾಡುವುದು ಯಾವುದೋ ಅದನ್ನು ಮೊದಲು ನೋಡಿಕೊಳ್ಳಬೇಕು.

ಮೂರನೆಯ ಗುಂಪನ್ನು ಹಲವು ಸಲಹೆಗಳು ಮರೆತುಬಿಡುತ್ತವೆ. ಮೂತ್ರ ಬರಲು ಕಾಯಬೇಕಾಗುವುದು, ಧಾರೆ ತುಂಡು ತುಂಡಾಗಿ ಬರುವುದು, ಸಂಭೋಗದಲ್ಲಿ ನೋವು, ಬಾಲದೆಲುಬಿನ ಸುತ್ತ ಹಿಡಿದುಕೊಂಡಂತಿರುವುದು, ಇವು ಸೊಂಟದ ತಳ ವಿಪರೀತ ಬಿಗಿದುಕೊಂಡಿರುವುದರ ಲಕ್ಷಣಗಳಾಗಿರಬಹುದು. ಇಂಥವರಿಗೆ ಬೆರಳಿನ ಕಡೆ ಎತ್ತರವಿರುವ ಪಾದರಕ್ಷೆಯಾಗಲಿ, ತಜ್ಞರನ್ನು ಕೇಳದೆ ಬಿಗಿಹಿಡಿಯುವ ವ್ಯಾಯಾಮವಾಗಲಿ ತಕ್ಕದ್ದಲ್ಲ. ಒಂದಿಂಚಿನ ಒಳಗಿನ ಮೆತ್ತನೆಯ ಹಿಮ್ಮಡಿ ಅವರಿಗೆ ಹಿತವೆನಿಸಿದರೆ ಅದನ್ನು ಬಿಡಬೇಕಾದ ಕಾರಣವಿಲ್ಲ.

ಈಗ ಪಾದರಕ್ಷೆಗಳ ಹೋಲಿಕೆ

ಹೀಲ್ಸ್ ಕೊಳ್ಳುವಾಗ ಅಂಗಡಿಯವರು ಹೇಳುವ ಎತ್ತರವನ್ನು ನೋಡದೆ ಕೋನವನ್ನು ನೋಡಬೇಕು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ 18 ಸೆಂಟಿಮೀಟರ್ ಇರುವ ಪಾದಕ್ಕೆ 5 ಸೆಂಟಿಮೀಟರ್ ಹೀಲ್ಸ್ ಸುಮಾರು 16 ಡಿಗ್ರಿ ಇಳಿಜಾರು ಕೊಡುತ್ತದೆ, 2.5 ಸೆಂಟಿಮೀಟರ್ ಹೀಲ್ಸ್ ಸುಮಾರು 8 ಡಿಗ್ರಿ. ಆದರೆ ಮುಂಭಾಗದ ಅಟ್ಟೆಯೂ ದಪ್ಪವಿದ್ದರೆ ಲೆಕ್ಕ ಬದಲಾಗುತ್ತದೆ. ಹಿಂದೆ 5, ಮುಂದೆ 3 ಸೆಂಟಿಮೀಟರ್ ಇರುವ ಚಪ್ಪಲಿಯಲ್ಲಿ ನಿಜವಾದ ವ್ಯತ್ಯಾಸ 2 ಸೆಂಟಿಮೀಟರ್ ಮಾತ್ರ, ಅಂದರೆ ಸುಮಾರು 6 ಡಿಗ್ರಿ. ಮದುವೆಮನೆಗೆ ಎತ್ತರ ಬೇಕೇಬೇಕು ಎನ್ನುವವರಿಗೆ ಮೊಳೆಯಂಥ ಹೀಲ್ಸಿಗಿಂತ ಮುಂದೆಯೂ ದಪ್ಪವಿರುವ ಅಗಲ ತಳದ ಚಪ್ಪಲಿ ವಾಸಿ ಎನ್ನುವುದು ಇದಕ್ಕಾಗಿಯೇ. ಎರಡು ಗಂಟೆಯ ಸಮಾರಂಭಕ್ಕೆ ಹೀಲ್ಸ್ ಹಾಕಿದ ಮಾತ್ರಕ್ಕೆ ಯಾರ ಸ್ನಾಯುವೂ ಕೆಡುವುದಿಲ್ಲ. ದಿನವಿಡೀ ಕೌಂಟರಿನ ಹಿಂದೆ ಅಥವಾ ತರಗತಿಯಲ್ಲಿ ಹೀಲ್ಸಿನ ಮೇಲೆಯೇ ನಿಲ್ಲುವವರ ಮಾತು ಬೇರೆ; ಅವರು ಹೋಗಿಬರುವಾಗ ಹೀಲ್ಸ್ ಹಾಕಿ, ನಿಲ್ಲುವ ಹೊತ್ತಿಗೆ ಸಮತಟ್ಟಾದದ್ದನ್ನು ಹಾಕಿಕೊಳ್ಳಬಹುದು.

ಅಟ್ಟೆ ಚಪ್ಪಲಿಗಳ ಪೈಕಿ ನಮ್ಮ ಕಡೆಯ ಕೊಲ್ಹಾಪುರಿ ಕೋನದ ದೃಷ್ಟಿಯಿಂದ ಒಳ್ಳೆಯ ಆಯ್ಕೆ. ಹೆಸರು ಮಹಾರಾಷ್ಟ್ರದ್ದಾದರೂ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಕೈಕೆಲಸವೂ ಅದರಲ್ಲಿದೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಿಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಪಾದ ಬಹುಮಟ್ಟಿಗೆ ಸಮತಟ್ಟಾಗಿ ಕೂರುತ್ತದೆ, ಉಂಗುಟ ಬೆರಳನ್ನು ಹಿಡಿದಿಡುತ್ತದೆ. ಕೊರತೆಯೆಂದರೆ ಚರ್ಮದ ಗಟ್ಟಿ ಅಟ್ಟೆ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಒದ್ದೆ ನೆಲದಲ್ಲಿ ಜಾರುತ್ತದೆ. ಹವಾಯಿ ಚಪ್ಪಲಿಯೂ ಸಮತಟ್ಟೇ, ಆದರೆ ಸಡಿಲವಾದ ಪಟ್ಟಿ ಜಾರದಂತೆ ಬೆರಳುಗಳಿಂದ ಹಿಡಿದುಕೊಂಡು ನಡೆಯಬೇಕಾಗುತ್ತದೆ. ಮನೆಯೊಳಗೆ ಪರವಾಗಿಲ್ಲ, ಸಂಜೆಯ ಒಂದು ಗಂಟೆಯ ನಡಿಗೆಗೆ ಅದು ಪಾದರಕ್ಷೆಯಲ್ಲ.

ನಡಿಗೆ ಮತ್ತು ಓಟದ ಶೂಗಳಲ್ಲಿಯೂ ಹಿಮ್ಮಡಿ ಸಾಮಾನ್ಯವಾಗಿ ಮುಂಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರವಿರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅದು 3ರಿಂದ 4 ಡಿಗ್ರಿಯಷ್ಟೇ ಆದ್ದರಿಂದ ಚಿಂತೆ ಬೇಡ. ಓಟದಲ್ಲಿ ಕೋನಕ್ಕಿಂತ ಮುಖ್ಯವಾದದ್ದು ಪೆಟ್ಟು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಪಟ್ಟಿಗಿಂತ ಹೆಚ್ಚು ಬಲ ನೆಲದಿಂದ ಮೇಲಕ್ಕೆ ಬರುತ್ತದೆ. ಅದನ್ನು ಪಾದದ ಕಮಾನು, ಹರಡು, ಮೊಣಕಾಲು ಹೀರಿಕೊಂಡಷ್ಟೂ ಸೊಂಟದ ತಳಕ್ಕೆ ತಲುಪುವುದು ಕಡಿಮೆ. ಅಮೆರಿಕದ ಇಂಗ್ರಿಡ್ ನೈಗಾರ್ಡ್ ಮತ್ತು ಸಂಗಡಿಗರು 1994ರಲ್ಲಿ, ಹೆರಿಗೆಯೇ ಆಗಿರದ 144 ಕಾಲೇಜು ಕ್ರೀಡಾಪಟುಗಳನ್ನು ಕೇಳಿದಾಗ ಅವರಲ್ಲಿ ಶೇ. 28 ಮಂದಿ ಆಡುವಾಗ ಮೂತ್ರ ಸೋರುತ್ತದೆ ಎಂದರು. ಜಿಮ್ನಾಸ್ಟಿಕ್ಸಿನಲ್ಲಿ ಆ ಪ್ರಮಾಣ ಶೇ. 67, ಗಾಲ್ಫಿನಲ್ಲಿ ಸೊನ್ನೆ. ಅವರೇ 1996ರಲ್ಲಿ, ಪಾದದ ಕಮಾನು ಬಾಗದೆ ಬಿರುಸಾಗಿರುವ ಆಟಗಾರ್ತಿಯರಲ್ಲಿ ಸೋರಿಕೆ ಹೆಚ್ಚು ಎಂಬ ನಂಟನ್ನು ಗುರುತಿಸಿದರು. ಆದ್ದರಿಂದ ಕಾಂಕ್ರೀಟ್ ರಸ್ತೆಯಲ್ಲಿ ಓಡುವವರಿಗೆ ಮೆತ್ತೆ ಸವೆದುಹೋದ ಹಳೆಯ ಶೂ ಅತ್ಯಂತ ಕೆಟ್ಟ ಆಯ್ಕೆ. ಮಣ್ಣಿನ ಹಾದಿ ಸಿಕ್ಕಿದರೆ ಅದು ಹೊಸ ಶೂಗಿಂತಲೂ ಅಗ್ಗದ ಉಪಾಯ.

ಬರಿಗಾಲು ನಮ್ಮ ಮನೆಗಳ ಸಹಜ ಸ್ಥಿತಿ. ಪಾದ ಪೂರ್ತಿ ಸಮತಟ್ಟು, ಬೆರಳುಗಳಿಗೆ ಸ್ವಾತಂತ್ರ್ಯ. ವ್ಯಾಯಾಮ ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಡೀ ದಿನ ಗ್ರಾನೈಟ್ ನೆಲದ ಮೇಲೆ ಅಡುಗೆಮನೆಯಲ್ಲಿ ನಿಂತು ಹಿಮ್ಮಡಿ ನೋಯುವವರು ತೆಳು ಮೆತ್ತೆಯ ಮನೆಚಪ್ಪಲಿ ಹಾಕಿಕೊಳ್ಳಲಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಬರಿಗಾಲಿನಲ್ಲಿ ಇರಲೇಬಾರದು.

ಹಿಮ್ಮಡಿ ಬೆರಳಿಗಿಂತ ತಗ್ಗಾಗಿರುವ ಶೂಗಳೂ ಉಂಟು. ಡೆನ್ಮಾರ್ಕಿನ ಯೋಗ ಶಿಕ್ಷಕಿ ಆನ್ನಾ ಕಾಲ್ಸೊ ರೂಪಿಸಿದ ಅಂಥ ಶೂ 1970ರಲ್ಲಿ ಅಮೆರಿಕಕ್ಕೆ ಬಂದು ಕೆಲವು ವರ್ಷ ಬಹಳ ಜನಪ್ರಿಯವಾಗಿತ್ತು. ತೈವಾನಿನ ಅಳತೆಯನ್ನು ಓದಿದವರಿಗೆ ಇದೇ ಮದ್ದು ಎನ್ನಿಸಬಹುದು. ಆದರೆ ಮೀನಖಂಡ ಗಟ್ಟಿಯಾಗಿರುವವರಿಗೆ, ಅದರಲ್ಲಿಯೂ ವರ್ಷಗಟ್ಟಲೆ ಹೀಲ್ಸ್ ಹಾಕಿದವರಿಗೆ, ಇದು ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟುವ ಸ್ನಾಯುರಜ್ಜನ್ನು ಎಳೆದು ನೋಯಿಸಬಹುದು. ದುಡ್ಡು ಕೊಟ್ಟು ತರಿಸುವ ಬದಲು, ವ್ಯಾಯಾಮದ ಹೊತ್ತಿಗೆ ಬೆರಳಿನ ಕೆಳಗೆ ಒಂದು ದಪ್ಪ ಪುಸ್ತಕ ಇಟ್ಟುಕೊಂಡರೆ ಸಾಕು.

ಬಸುರಿಯರಿಗೆ ಒಂದು ಮಾತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ 2013ರ ಅಧ್ಯಯನದಲ್ಲಿ, ಗರ್ಭಧಾರಣೆಯ ನಂತರ ಬಹುಪಾಲು ಮಹಿಳೆಯರ ಪಾದದ ಕಮಾನು ತಗ್ಗಿ ಪಾದ ಉದ್ದವಾಗಿದ್ದುದು ಹೆರಿಗೆಯಾಗಿ ತಿಂಗಳುಗಳ ನಂತರವೂ ಕಂಡುಬಂತು. ಹಳೆಯ ಅಳತೆಯ ಚಪ್ಪಲಿಯಲ್ಲಿ ಬೆರಳು ಮಡಚಿಕೊಂಡು ನಡೆಯದೆ, ಬಾಣಂತನ ಮುಗಿದ ಮೇಲೆ ಪಾದವನ್ನು ಹೊಸದಾಗಿ ಅಳೆಸಿ.

ಶೌಚಾಲಯದಲ್ಲಿ ಪಾದ

ಚಪ್ಪಲಿಗಿಂತ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಮಲ ಹೋಗಲು ದಿನವೂ ತಿಣುಕುವುದು ಸೊಂಟದ ತಳವನ್ನು ಕೆಳಕ್ಕೆ ಜಗ್ಗಿ ದುರ್ಬಲಗೊಳಿಸುತ್ತದೆ, ಮತ್ತು ಎಷ್ಟು ತಿಣುಕಬೇಕು ಎಂಬುದರಲ್ಲಿ ಕಾಲಿನ ಸ್ಥಾನದ ಪಾತ್ರವೂ ಇದೆ. ಗುದನಾಳವನ್ನು ಹಿಂದಿನಿಂದ ಕುಣಿಕೆಯಂತೆ ಬಳಸಿ ಮುಂದಕ್ಕೆ ಎಳೆದಿಡುವ ಸ್ನಾಯು, ತೊಡೆ ಹೊಟ್ಟೆಯ ಕಡೆಗೆ ಬಂದಾಗ ಸಡಿಲವಾಗಿ ದಾರಿ ನೇರವಾಗುತ್ತದೆ. ಇಸ್ರೇಲಿನಲ್ಲಿ 28 ಜನರ ಮೇಲೆ ನಡೆಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಸರಾಸರಿ 51 ಸೆಕೆಂಡು ಸಾಕಾದರೆ, ಎತ್ತರದ ಕಮೋಡಿನಲ್ಲಿ 130 ಸೆಕೆಂಡು ಬೇಕಾಯಿತು.

ಹಾಗೆಂದು ಎಲ್ಲರೂ ಇಂಡಿಯನ್ ಕಮೋಡಿಗೆ ಮರಳಬೇಕಾಗಿಲ್ಲ. ಹಿಮ್ಮಡಿ ನೆಲಕ್ಕೆ ತಾಗುವ ಹಾಗೆ ಕೂರಲು ಬರುವವರಿಗೆ ಅದು ಅತ್ಯುತ್ತಮ. ಬೆರಳ ತುದಿಯ ಮೇಲೆ ತೂಗಾಡುತ್ತ ಕೂರುವವರಿಗೆ ಅದರ ಲಾಭ ಅರ್ಧಕ್ಕರ್ಧ ಹೋಗುತ್ತದೆ, ಏಕೆಂದರೆ ಸಮತೋಲನ ಕಾಯುವುದರಲ್ಲಿಯೇ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಮೊಣಕಾಲು ನೋವಿನವರು, ಕೀಲು ಬದಲಿಸಿಕೊಂಡವರು ಕಮೋಡಿನ ಮುಂದೆ 15ರಿಂದ 20 ಸೆಂಟಿಮೀಟರ್ ಎತ್ತರದ ಮಣೆ ಇಟ್ಟು ಪಾದಗಳನ್ನು ಅದರ ಮೇಲೆ ಸಮತಟ್ಟಾಗಿ ಊರಿ, ಸ್ವಲ್ಪ ಮುಂದಕ್ಕೆ ಬಾಗಿ ಕೂರಬಹುದು; ಕೀಲು ಬದಲಿಸಿಕೊಂಡವರು ತಮ್ಮ ಶಸ್ತ್ರಚಿಕಿತ್ಸಕರನ್ನು ಕೇಳಿಯೇ ಇದನ್ನು ಮಾಡಬೇಕು. ಕುಳ್ಳಗಿರುವವರ ಕಾಲು ಕಮೋಡಿನಿಂದ ನೇತಾಡುತ್ತಿದ್ದರೆ ಮೂತ್ರಕ್ಕೆ ಕೂರುವಾಗಲೂ ಮಣೆ ಬೇಕು.

ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಕಮೋಡಿನ ಮೇಲೆ ಕೂರಲು ಹೇಸಿ ಅರ್ಧ ಬಗ್ಗಿ ನಿಂತು ಮುಗಿಸುವುದು ನಮ್ಮ ಮಹಿಳೆಯರಿಗೆ ಅಭ್ಯಾಸವಾಗಿಹೋಗಿದೆ, ತಪ್ಪು ಅವರದಲ್ಲ. ಬ್ರಿಟನ್ನಿನ 1991ರ ಅಧ್ಯಯನದಲ್ಲಿ ಹೀಗೆ ಬಗ್ಗಿ ನಿಂತಾಗ ಧಾರೆಯ ವೇಗ ಶೇ. 21 ತಗ್ಗಿ, ಮೂತ್ರಕೋಶದಲ್ಲಿ ಉಳಿದುಹೋಗುವ ಮೂತ್ರ ಶೇ. 149 ಹೆಚ್ಚಿತು. ಅಂಥ ಕಡೆ ಇಂಡಿಯನ್ ಕಮೋಡ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಕಾಗದ ಹಾಸಿ ಕೂತುಬಿಡಿ.

ವ್ಯಾಯಾಮದ ಹೊತ್ತಿನಲ್ಲಿ

ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದ, ಮೂತ್ರ ತಡೆಹಿಡಿಯುವಂತೆ ಸೊಂಟದ ತಳವನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವೇ ಒತ್ತಡದ ಸೋರಿಕೆಗೆ ಇಂದಿಗೂ ಮೊದಲ ಚಿಕಿತ್ಸೆ. ಬ್ರಿಟನ್ನಿನ ಮಾರ್ಗಸೂಚಿಯಂತೆ ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಪಾದದ ಸ್ಥಾನ ಇದಕ್ಕೆ ಒತ್ತಾಸೆ ಮಾತ್ರ. ಗೋಡೆ ಹಿಡಿದು ಬರಿಗಾಲಿನಲ್ಲಿ ನಿಂತು, ಮೊದಲು ಸಮತಟ್ಟು ನೆಲದಲ್ಲಿ, ಆಮೇಲೆ ಬೆರಳಿನ ಕೆಳಗೆ 2 ಸೆಂಟಿಮೀಟರ್ ಪುಸ್ತಕವಿಟ್ಟು, ಕೊನೆಗೆ ಅದನ್ನು ಹಿಮ್ಮಡಿಯ ಕೆಳಗಿಟ್ಟು ಒಂದೊಂದು ಸಲ ಬಿಗಿಹಿಡಿದು ನೋಡಿ. ಎಲ್ಲಿ ಹಿಡಿತ ಸ್ಪಷ್ಟವಾಗಿ ತಿಳಿಯುತ್ತದೆಯೋ ಅಲ್ಲಿಂದ ಆರಂಭಿಸಿ, ಕೆಲವು ವಾರಗಳ ನಂತರ ನೀವು ದಿನವೂ ಹಾಕುವ ಪಾದರಕ್ಷೆಯಲ್ಲಿಯೇ ಅಭ್ಯಾಸ ಮಾಡಿ, ಏಕೆಂದರೆ ಕೆಮ್ಮು ಬರುವುದು ಆ ಚಪ್ಪಲಿಯಲ್ಲಿ ನಿಂತಾಗಲೇ. ಕೆಮ್ಮುವ ಮುನ್ನವೇ ಬಿಗಿಹಿಡಿಯುವ ಉಪಾಯವನ್ನು ಕಲಿಸಿದಾಗ, 1998ರ ಮಿಷಿಗನ್ ಅಧ್ಯಯನದ 27 ಮಹಿಳೆಯರಲ್ಲಿ ಒಂದೇ ವಾರದಲ್ಲಿ ಸಾಧಾರಣ ಕೆಮ್ಮಿನ ಸೋರಿಕೆ ಬಹುತೇಕ ನಿಂತಿತು. ಯಾವ ಚಪ್ಪಲಿಯೂ ಇಷ್ಟು ಮಾಡಿ ತೋರಿಸಿಲ್ಲ.

ಮೂತ್ರದಲ್ಲಿ ರಕ್ತ, ಉರಿ, ಮೂತ್ರ ಕಟ್ಟಿಕೊಳ್ಳುವುದು, ಯೋನಿಯಲ್ಲಿ ಗಂಟು ಇಳಿದಂತಾಗುವುದು ಇದ್ದರೆ ಪಾದರಕ್ಷೆ ಬದಲಿಸುತ್ತ ಕೂರದೆ ವೈದ್ಯರನ್ನು ಕಾಣಬೇಕು. ಬೆನ್ನುನೋವಿನೊಂದಿಗೆ ತೊಡೆಯ ಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಅಥವಾ ಮೂತ್ರದ ಹಿಡಿತ ದಿಢೀರನೆ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಬೆನ್ನಿನ ನರಗಳು ಅದುಮಿಹೋದ ತುರ್ತು ಸ್ಥಿತಿಯಿರಬಹುದು.

ಇಂಥ ಲಕ್ಷಣಗಳಿಲ್ಲದವರು ಹೊಸ ಚಪ್ಪಲಿ ಕೊಳ್ಳುವ ಮೊದಲು, ಇರುವ ಎರಡು ಜೊತೆಗಳನ್ನೇ ಪರೀಕ್ಷಿಸಬಹುದು. ಮೂರು ದಿನ ಎಂದಿನ ಹೀಲ್ಸ್, ಮೂರು ದಿನ ಸಮತಟ್ಟು ಚಪ್ಪಲಿ. ನೀರು, ಕಾಫಿ, ಕೆಲಸ ಎಲ್ಲ ಹಾಗೆಯೇ ಇರಲಿ. ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಎಷ್ಟು ಸಲ ಸೋರಿತು, ಆಗ ಏನು ಮಾಡುತ್ತಿದ್ದಿರಿ ಎಂದು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿ. ವ್ಯತ್ಯಾಸ ಕಾಣದಿದ್ದರೆ ಚಪ್ಪಲಿಯ ದುಡ್ಡು ಉಳಿಯಿತು, ಆ ಪುಸ್ತಕ ವೈದ್ಯರಿಗೆ ಮತ್ತು ಫಿಸಿಯೋಥೆರಪಿಸ್ಟರಿಗೆ ಕೆಲಸಕ್ಕೆ ಬರುತ್ತದೆ.